ಖಾನದಾನಿ ಕಣ್ಣು

"ಕುರಿ ಮ್ಯಾಲೆ ಕುರಿ ನಿಂತಂಗ ಕಾಣ್ತಾವ್ರೀ ಮೇಡಂ. ಸಂಜಿಕಡಿ ಎಣಸಾಕ ಕುಂತ್ರ ನಲವತ್ತು ಇದ್ದದ್ದು ಎಂಬತ್ತಾಗ್ತಾವ."

"ಹಂಗಾದ್ರ ಸಾವ್ಕಾರ ಆದ್ರಿ ಬಿಡ್ರಿ" ಎಂದೆ.

ಇಬ್ಬರೂ ನಕ್ಕೆವು. ಆದರೆ ಅವರು ನಗುವಾಗ ಕೆನ್ನೆ ನಕ್ಕಿತು, ತುಟಿ ನಕ್ಕಿತು, ಕಣ್ಣು ಮಾತ್ರ ಬಿಟ್ಟದ್ದು ಬಿಟ್ಟ ಹಾಗೆಯೇ ನನ್ನನ್ನು ನೋಡುತ್ತಿತ್ತು. ಅಲ್ಲಿಗೆ ನನ್ನ ತಮಾಷೆ ನಿಂತಿತು.

ಮಕ್ತಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಕಣ್ಣಿನ ತಪಾಸಣಾ ಕೇಂದ್ರವಿದೆ. ಒಂದು ಕೋಣೆ, ಒಂದು ಅಕ್ಷರದ ಫಲಕ, ಒಂದು ಕುರ್ಚಿ, ನಾನು. ನಾನು ಡಾಕ್ಟರಲ್ಲ, ಕಣ್ಣು ಪರೀಕ್ಷಿಸಿ ಬರೆದಿಡುವವಳು. ನಮ್ಮ ಆಸ್ಪತ್ರೆ ಇರುವುದು ಗದ್ವಾಲದಲ್ಲಿ. ಅಲ್ಲಿಂದ ಡಾಕ್ಟರಮ್ಮ ಪ್ರತಿ ಮಂಗಳವಾರ ಮಕ್ತಲಿಗೆ ಬರುತ್ತಾರೆ. ವಿಮೆಯ ಕಾಗದಪತ್ರವೂ ನನ್ನ ತಲೆಗೇ ಬಿದ್ದಿತ್ತು. ನನ್ನ ಕೈಬರಹ ಚೆನ್ನಾಗಿದೆ ಎಂದು ಯಾರೋ ಒಮ್ಮೆ ಹೊಗಳಿದ್ದರು, ಹೊಗಳಿದರೆ ನಾನು ಬೇಗ ಕರಗುತ್ತೇನೆ.

ಬಂದವರು ಮಕ್ತಲ್ ಹತ್ತಿರದ ಹಳ್ಳಿಯ ಕುರಿಗಾರರು. ನಲವತ್ತೈದರ ಆಸುಪಾಸು. ಹೆಗಲ ಮೇಲೆ ಕಂಬಳಿ, ಕಿವಿಯ ಸಂದಿಯಲ್ಲಿ ಬೀಡಿ. ನಾನು ಅವರನ್ನು ಅಣ್ಣ ಎಂದೇ ಕರೆದೆ, ಇಲ್ಲೂ ಹಾಗೆಯೇ ಕರೆಯುತ್ತೇನೆ.

ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಬೆನ್ನ ಹಿಂದೆ ನಿಂತು, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಹಣೆಯ ಮೇಲಿನಿಂದ ಕೆಳಕ್ಕೆ ನೋಡಿದೆ. ಕಣ್ಣು ಎಷ್ಟು ಮುಂದೆ ಬಂದಿದೆ ಎಂದು ತಿಳಿಯಲು ಇದು ಹಳೆಯ ದಾರಿ, ಯಂತ್ರ ಬೇಡ. ಮಾಮೂಲಿ ಕಣ್ಣಾದರೆ ಹುಬ್ಬಿನ ಮೂಳೆಯ ಹಿಂದೆ ಅಡಗಿರುತ್ತದೆ. ಇವರ ಎರಡೂ ಗುಡ್ಡೆಗಳು ಹುಬ್ಬು ದಾಟಿ ಹೊರಗೆ ಇಣುಕುತ್ತಿದ್ದವು, ಎಡಗಣ್ಣು ಒಂದು ಪಾಲು ಹೆಚ್ಚು. ಮುಂದೆ ಬಂದು ನೋಡಿದರೆ ಕಪ್ಪು ಗುಡ್ಡೆಯ ಮೇಲ್ಗಡೆಯೂ ಬಿಳಿ ಕಾಣುತ್ತಿತ್ತು. ಕಣ್ಣು ಮುಚ್ಚಿ ಎಂದರೆ ರೆಪ್ಪೆಗಳ ನಡುವೆ ಸಣ್ಣ ಸಂದು ಉಳಿಯುತ್ತಿತ್ತು. ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದೆ, ಎರಡೂ ಕಣ್ಣಿನಿಂದ ಅಂಕಿಗಳನ್ನು ತಡವರಿಸದೆ ಓದಿದರು. ಒಳಗಿನ ನರಕ್ಕೆ ಇನ್ನೂ ಏನೂ ಆಗಿಲ್ಲ ಎಂದು ಸಮಾಧಾನವಾಯಿತು.

ಕೊನೆಗೆ ಹಾಳೆಯ ಮೇಲೆ ಒಂದು ಖಾಲಿ ಜಾಗ ಉಳಿದಿತ್ತು: ಎಂದಿನಿಂದ?

"ಅಣ್ಣಾರ, ಕಣ್ಣು ಯಾವಾಗಿಂದ ಹಿಂಗ ಆಗ್ಯಾವ?"

ಅಣ್ಣ ಬೆನ್ನು ನೇರ ಮಾಡಿ ಕುಳಿತರು. "ನಮ್ಮವು ಖಾನದಾನಿ ಕಣ್ರೀ. ನಮ್ಮಪ್ಪಂದೂ ಹಿಂಗ, ನಮ್ಮಜ್ಜಂದೂ ಹಿಂಗ."

ಖಾನದಾನಿ ಎಂದರೆ ಮನೆತನದ್ದು. ನಿಜಾಮರ ಕಾಲದ ಉರ್ದು ಕಚೇರಿಗಳು ಹೋದವು, ಈ ಶಬ್ದ ನಮ್ಮ ಬಾಯಿಯಲ್ಲಿ ಉಳಿದುಬಿಟ್ಟಿತು. ಹೊಲದ ಬದುವಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲಕ್ಕೂ ಖಾನದಾನಿ ಅನ್ನುತ್ತೇವೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಅವತ್ತು ಹೊರಗೆ ಆರು ಜನ ಕಾಯುತ್ತಿದ್ದರು, ನನ್ನ ಚೆಂದದ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಬರೆದುಬಿಟ್ಟೆ: ವಂಶದಲ್ಲೇ ಇದೆ, ಮೊದಲಿನಿಂದಲೂ ಹೀಗೆಯೇ.

ಮಂಗಳವಾರ ಡಾಕ್ಟರಮ್ಮ ಬಂದು ನೋಡಿದರು. ನಾನು ಮೊದಲ ದಿನವೇ ಕಳಿಸಿದ್ದ ರಕ್ತಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಥೈರಾಯ್ಡ್ ಮಿತಿಮೀರಿ ಓಡುತ್ತಿತ್ತು.

"ಥೈರಾಯ್ಡ್‌ಗೆ ಮಾತ್ರೆ ಕೊಡ್ತೀನಿ, ಅದು ಹತೋಟಿಗೆ ಬರ್ತದ. ಆದ್ರ ಕಣ್ಣಿಂದು ಬ್ಯಾರೆ ಕತಿ" ಎಂದು ಅವರು ಅಂಗೈಯನ್ನು ಬಟ್ಟಲಿನಂತೆ ಮಾಡಿ, ಅದರಲ್ಲಿ ಇನ್ನೊಂದು ಕೈಯ ಮುಷ್ಟಿ ಇಟ್ಟು ತೋರಿಸಿದರು. "ಇದು ಮೂಳೆ, ಇದು ಕಣ್ಣು. ಕಣ್ಣಿನ ಹಿಂದಿನ ಮಾಂಸ ಉಬ್ಬೈತಿ. ಮೂಳೆ ಜಾಗ ಬಿಡಂಗಿಲ್ಲ, ಅದಕ್ಕ ಕಣ್ಣು ಮುಂದ ಬಂದೈತಿ. ಹಿಂದ ನರ ಐತಿ. ಅದನ್ನ ಒತ್ತದಂಗ ನೋಡ್ಕೋಬೇಕು."

ದಾರಿಗಳನ್ನೂ ಬಿಡಿಸಿ ಹೇಳಿದರು. ಉಬ್ಬು ಇಳಿಸಲು ವಾರಕ್ಕೊಮ್ಮೆ ಸ್ಟೀರಾಯ್ಡ್ ಡ್ರಿಪ್, ಹನ್ನೆರಡು ವಾರ. ಅದನ್ನೇ ಮಾತ್ರೆಯಾಗಿ ನುಂಗಿದರೆ ಗುಣ ಕಡಿಮೆ, ತೊಂದರೆ ಜಾಸ್ತಿ. ಹೊರದೇಶದಲ್ಲಿ ಹೊಸ ಇಂಜೆಕ್ಷನ್ ಬಂದಿದೆ, ಅದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಎರಡೆರಡು ಕಾಣುವುದಕ್ಕೆ ಶಸ್ತ್ರಚಿಕಿತ್ಸೆ ಬೇಕಾದರೂ ಅದು ಉಬ್ಬೆಲ್ಲ ಶಾಂತವಾದ ಮೇಲೆ. ನರ ಒತ್ತಿದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು, ಆಗ ಒಂದು ದಿನವೂ ಕಾಯುವಂತಿಲ್ಲ.

"ಎಲ್ಲಕ್ಕಿಂತ ಮೊದಲು ಆ ಬೀಡಿ ಬಿಡ್ರಿ."

"ಬೀಡಿಗೂ ಕಣ್ಣಿಗೂ ಏನ್ ಸಂಬಂಧ್ರೀ? ಹೊಗಿ ಬಾಯಾಗಿಂದ ಹೊಕ್ಕೈತಿ."

"ಬಾಯಾಗಿಂದ ಹೋಗಿ ಕಣ್ಣಿನ ಹಿಂದ ಕುಂದರತೈತಿ. ಬಿಡ್ರಿ ಅಂದ್ರ ಬಿಡ್ರಿ."

ಅಣ್ಣ ಬೀಡಿಯನ್ನು ಕಿವಿಯಿಂದ ತೆಗೆದು, ಒಮ್ಮೆ ನೋಡಿ, ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಅಣ್ಣನ ಊರಿನ ಕುರಿಗಾರರ ಸಂಘ ಎರಡು ವರ್ಷದ ಹಿಂದೆ ಎಲ್ಲರಿಗೂ ಒಂದು ಖಾಸಗಿ ಆರೋಗ್ಯ ವಿಮೆ ಮಾಡಿಸಿತ್ತು. ನಮ್ಮ ಆಸ್ಪತ್ರೆ ಆ ಕಂಪನಿಯ ಪಟ್ಟಿಯಲ್ಲಿತ್ತು. ಡ್ರಿಪ್ ಶುರುಮಾಡುವ ಮುನ್ನ ಒಪ್ಪಿಗೆ ಪಡೆಯಬೇಕು. ಡಾಕ್ಟರಮ್ಮನ ಪತ್ರ, ರಕ್ತದ ವರದಿ, ಕಣ್ಣಿನ ಅಳತೆ, ನನ್ನ ಹಾಳೆ, ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ. ಇಷ್ಟು ಅಚ್ಚುಕಟ್ಟಾದ ಕಡತ ನಾನು ಹಿಂದೆಂದೂ ಕಳಿಸಿರಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಐದನೆಯ ದಿನ ಉತ್ತರ ಬಂತು. ನಿರಾಕರಿಸಲಾಗಿದೆ. ಕಾರಣ: ರೋಗವು ಪಾಲಿಸಿಗೆ ಮೊದಲೇ ಇತ್ತು, ಇಂಥವಕ್ಕೆ ಪಾಲಿಸಿಯ ಮೊದಲ ಮೂರು ವರ್ಷ ರಕ್ಷಣೆ ಇಲ್ಲ. ಆಧಾರ: ಆಸ್ಪತ್ರೆಯದೇ ತಪಾಸಣಾ ಹಾಳೆ. ಅದರ ಕೆಳಗೆ ನನ್ನ ವಾಕ್ಯವನ್ನು ಹಾಗ್ಹಾಗೆಯೇ ಇಳಿಸಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಕಂಪನಿಯ ಮೇಲೆ ಬಂತು. ಎರಡನೆಯ ಸಲ ಓದಿದಾಗ ಅದು ಸೀದಾ ನನ್ನ ಮೇಲೆಯೇ ತಿರುಗಿತು. ಐದು ತಿಂಗಳಿಂದ ಎರಡೆರಡು ಕಾಣುತ್ತಿದೆ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಬರೆದಿದ್ದರು. ನಾನು ಬರೆದದ್ದು ಮೊದಲಿನಿಂದಲೂ ಎಂದು. ಯಾರೇ ಆದರೂ ಏನು ಮಾಡುತ್ತಾರೆ?

ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. ಅಣ್ಣನ ಹೆಂಡತಿಯಾದ ಮೇಲೆ ನನಗೆ ವೈನಿ.

"ವೈನೀ, ನಿಮ್ಮ ಮಾವನ ಕಣ್ಣೂ ಹಿಂಗ ದೊಡ್ಡವು ಇದ್ವೇನ್ರಿ? ಅಣ್ಣಾರು ಖಾನದಾನಿ ಅಂದಾರ."

ಆ ಕಡೆಯಿಂದ ನಗು. "ಖಾನದಾನಿ? ಯಾರ ಖಾನದಾನ್ರಿ? ನಮ್ಮ ಮಾವನ ಕಣ್ಣು ತೆರದಾವೋ ಮುಚ್ಚ್ಯಾವೋ ಅಂತ ಹತ್ರ ಹೋಗಿ ನೋಡಬೇಕಿತ್ತು. ಅಷ್ಟು ಸಣ್ಣವು!"

ಹಿಂದಿನಿಂದ ಅಣ್ಣನ ದನಿ ಕೇಳಿಸಿತು. ವೈನಿ ಫೋನನ್ನು ಅವರ ಕೈಗೆ ಕೊಟ್ಟರು.

"ಏನ್ ಮಾಡ್ಲಿ ಮೇಡಂ, ಊರಾಗ ಒಬ್ಬೊಬ್ರು ಒಂದೊಂದು ಅಂತಿದ್ರು. ಕುಡಿತಾನ ಅಂದ್ರು. ಯಾರ್ದೋ ಕೆಟ್ಟ ನದರ ಬಿದ್ದೈತಿ ಅಂದ್ರು. ಬೀರಪ್ಪನ ಹರಕಿ ಬಿಟ್ಟಾನ, ಅದಕ್ಕ ದೇವ್ರು ಕಣ್ಣು ಕಿತ್ತಾಕ ಹತ್ಯಾನ ಅಂದ್ರು. ನಾ ಯಾವ ಹರಕಿನೂ ಬಿಟ್ಟಿಲ್ರೀ. ಸಾಕಾಗಿ ಖಾನದಾನಿ ಅಂದ್ಬಿಟ್ಟೆ. ಖಾನದಾನಿ ಅಂದ್ರ ಎಲ್ಲಾರ ಬಾಯಿ ಮುಚ್ತಾವ."

ಊರಿನ ಬಾಯಿ ಮುಚ್ಚಿಸಲು ಹೇಳಿದ ಮಾತನ್ನು ನಾನು ವಿಮಾ ಕಂಪನಿಗೆ ಬರೆದು ಕಳಿಸಿದ್ದೆ.

ಹಾಳೆಯ ಮೂಲಪ್ರತಿ ನನ್ನ ಮೇಜಿನ ಒಳಗೇ ಇತ್ತು. ಹೊಸದೊಂದು ಬರೆದು ಹಳೆಯದನ್ನು ಹರಿದು ಹಾಕಲು ಐದು ನಿಮಿಷ ಸಾಕು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಮ್ಮೆ ತಿದ್ದಿದ ಹಾಳೆಯನ್ನು ಆಮೇಲೆ ಯಾರೂ ನಂಬುವುದಿಲ್ಲ. ಹಾಳೆಯನ್ನು ಅಲ್ಲೇ ಬಿಟ್ಟು ಕಂಪನಿಗೆ ಫೋನ್ ಮಾಡಿದೆ. ಮೂರು ಕಡೆ ತಿರುಗಿಸಿ ಕೊನೆಗೆ ಒಬ್ಬರು ನೆಟ್ಟಗೆ ಉತ್ತರ ಕೊಟ್ಟರು: ಪಾಲಿಸಿ ಶುರುವಾದ ಮೇಲೂ ಕಣ್ಣು ಸರಿಯಾಗಿತ್ತು ಎಂಬುದಕ್ಕೆ ದಿನಾಂಕವಿರುವ ಸಾಕ್ಷಿ ಕೊಟ್ಟರೆ ಮರುಪರಿಶೀಲನೆ ಮಾಡುತ್ತೇವೆ. ಫೋಟೊ ಆದರೂ ಆಗಬಹುದು.

ಫೋಟೊ! ಮರುದಿನ ಬೆಳಗ್ಗೆ ಸ್ಕೂಟಿ ಹತ್ತಿ ಅಣ್ಣನ ಊರಿಗೆ ಹೋದೆ. ವೈನಿ ಕಬ್ಬಿಣದ ಪೆಟ್ಟಿಗೆ ತೆರೆದು ಒಂದೊಂದೇ ಹೊರಗಿಟ್ಟರು. ಮದುವೆಯ ಫೋಟೊ, ಇಪ್ಪತ್ತು ವರ್ಷ ಹಳೆಯದು. ಗುರುತಿನ ಚೀಟಿಯ ಫೋಟೊ, ಅದರಲ್ಲಿ ಯಾರ ಮುಖವೂ ಯಾರ ಮುಖದಂತೆಯೂ ಇರುವುದಿಲ್ಲ. ಫೋನಿನಲ್ಲಿ ಇದ್ದವೆಲ್ಲ ಕುರಿಮರಿಗಳೇ.

"ಇಷ್ಟು ವರ್ಷದಾಗ ಒಂದು ಫೋಟೊ ತಗಸಿಲ್ಲೇನ್ರಿ?"

"ನಮ್ಮನ್ಯಾರು ತಗಿತಾರ್ರಿ? ಕುರಿ ಜೋಡಿ ತಗದದ್ದು ಐತಿ ನೋಡ್ರಿ. ಅದೂ ನಾರಾಯಣಪ್ಯಾಟಿ ದನದ ಡಾಕ್ಟರ್ ಹತ್ರ."

"ದನದ ಡಾಕ್ಟರ್ ಯಾಕ ತಗದ್ರು?"

"ಕುರಿ ವಿಮಾ ಮಾಡಸಾಕ."

ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಕುರಿಗೆ ವಿಮೆ ಮಾಡಿಸುವಾಗ ಕುರಿಯ ಜೊತೆ ಮಾಲೀಕನನ್ನೂ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಕುರಿಯ ಕಿವಿಗೆ ನಂಬರಿನ ಬಿಲ್ಲೆ, ಫೋಟೊದ ಮೇಲೆ ತಾರೀಖು. ಯಾವಾಗ ತೆಗೆದದ್ದು ಎಂದು ಕೇಳಿದರೆ, ವೈನಿ ಬೆರಳು ಮಡಚಿ, ಸಂಘದ ಆರೋಗ್ಯ ವಿಮೆ ಆಗಿ ಆರು ತಿಂಗಳಿಗೆ ಎಂದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಎನಿಸಿತು, ಅಪ್ಪಿಕೊಂಡೆ ಕೂಡ.

ಅಣ್ಣ ಹಿಂದಿನ ದೊಡ್ಡಿಯಲ್ಲಿದ್ದರು. ಅವರಿಗೂ ಹೇಳೋಣ ಎಂದು ಹೋದೆ. ಎರಡು ದಿನದ ಹಿಂದಷ್ಟೇ ಕುರಿಗಳ ಬೆನ್ನಿಗೆ ಗುರುತು ಹಾಕಿದ್ದರು. ಅಣ್ಣನ ಕುರಿಗಳಿಗೆ ಜಾಜು, ಅಂದರೆ ಕೆಮ್ಮಣ್ಣು; ಅವರ ತಮ್ಮನ ಕುರಿಗಳಿಗೆ ಎಣ್ಣೆ ಕಲಸಿದ ಮಸಿ. ಹಿಂಡು ಕಲೆತರೂ ಯಾವುದು ಯಾರದು ಎಂದು ಗೊತ್ತಾಗಲಿ ಎಂದು.

"ಈ ಸಲ ಜಾಜು ಛಲೋ ಬಂದಿಲ್ರೀ" ಎಂದರು ಅಣ್ಣ. ಎರಡೆರಡು ಕಾಣದಿರಲೆಂದು ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದರು. "ಅಂಗಡ್ಯಾಂವ ಮಣ್ಣು ಕಲಸಿ ಕೊಟ್ಟಾನ. ಕಂದು ಬಣ್ಣ ಕಾಣತೈತಿ. ತಮ್ಮನ ಮಸಿಗೂ ನನ್ನ ಜಾಜಿಗೂ ಫರಕ ತಿಳಿವಲ್ದು."

ವೈನಿ ನನ್ನ ಹಿಂದೆಯೇ ಬಂದಿದ್ದರು. "ಏನಂತೀರಿ? ಕೆಂಪಗ ಕುಂಕುಮ ಆಗೈತಲ್ಲ!"

ನಾನೂ ನೋಡಿದೆ. ಕುರಿಗಳ ಬೆನ್ನ ಮೇಲೆ ಜಾಜು ಢಾಳಾಗಿ ಕೆಂಪಗಿತ್ತು.

"ಅಣ್ಣಾರ, ಎಡಗಣ್ಣು ಮುಚ್ಚಿ ಬರೇ ಬಲಗಣ್ಣಿನಿಂದ ನೋಡ್ರಿ."

"ಹಾಂ, ಈಗ ಕೆಂಪು ಐತಿ."

"ಈಗ ಬಲಗಣ್ಣು ಮುಚ್ಚಿ ನೋಡ್ರಿ."

ಅವರು ಬಹಳ ಹೊತ್ತು ನೋಡಿದರು. "ಇದರಾಗ ತೊಳದಂಗ ಆಗೈತ್ರೀ."

ಕಣ್ಣಿನ ನರ ಒತ್ತಿಗೆ ಸಿಕ್ಕಾಗ ಅನೇಕ ಸಲ ಮೊದಲು ಮಸುಕಾಗುವುದು ಕೆಂಪು. ಅಕ್ಷರದ ಫಲಕ ಇನ್ನೂ ಓದಬಲ್ಲರು, ದಾರಿ ಕಾಣುತ್ತದೆ, ಆದರೆ ಒಳಗೆ ನರ ಸೋಲುತ್ತಿರುತ್ತದೆ. ಅಣ್ಣನನ್ನು ಗುಡಿಸಲಿನ ನೆರಳಿಗೆ ಕರೆದುಕೊಂಡು ಹೋಗಿ ಟಾರ್ಚ್ ಹಾಕಿದೆ. ಬಲಗಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕಿರಿದಾಯಿತು. ಬೆಳಕನ್ನು ಎಡಕ್ಕೆ ತಿರುಗಿಸಿದೆ. ಕಿರಿದಾಗಬೇಕಾದ ಪಾಪೆ ಮೆಲ್ಲಗೆ ಹಿಗ್ಗಿತು. ಮೂರು ಸಲ ಮಾಡಿದೆ, ಮೂರೂ ಸಲ ಹಾಗೆಯೇ. ಹತ್ತು ದಿನದ ಹಿಂದೆ ಇದೇ ಕಣ್ಣು ಚುಕ್ಕಿಗಳ ಪುಸ್ತಕವನ್ನು ಪೂರ್ತಿ ಓದಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ ಅವರು ಹೇಳಿದರು: "ಇವತ್ತೇ ಗದ್ವಾಲಕ್ಕ ಕಳಸ್ರಿ. ವಾರಕ್ಕೊಂದು ಡ್ರಿಪ್ ಅನ್ನೋದು ಈಗ ನಡಿಯಂಗಿಲ್ಲ. ಮೂರು ದಿನ ಮೂರು ದೊಡ್ಡ ಡ್ರಿಪ್ ಕೊಡೋಣ. ಅದರಾಗ ಬಣ್ಣ ತಿರುಗಿ ಬರ್ಲಿಲ್ಲಂದ್ರ ಸಿಟಿಗೆ ಕಳಿಸಿ, ಮೂಳಿ ಸ್ವಲ್ಪ ತಗಿಸಿ ನರಕ್ಕ ಜಾಗ ಮಾಡಿಸಬೇಕು."

ವೈನಿಯ ಮುಖದ ನಗು ಆಗಲೇ ಹೋಗಿತ್ತು. "ಕಂಪನಿಯೋರು ಬ್ಯಾಡ ಅಂದಾರಲ್ರಿ. ಈಗ ಹೋದ್ರ ಹೆಂಗ?"

"ಹೋದ್ರ ಏನಾಗ್ತೈತಿ ನನಗೂ ಗೊತ್ತಿಲ್ಲ ವೈನೀ. ಹೋಗದಿದ್ರ ಏನಾಗ್ತೈತಿ ಗೊತ್ತೈತಿ. ಎಡಗಣ್ಣು ಹೋಗ್ತೈತಿ."

ಹಾಗೆ ಹೇಳುವಾಗಲೇ ಪಾಲಿಸಿ ಪುಸ್ತಕದ ಒಂದು ಕಲಂ ನೆನಪಾಯಿತು. ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ ಮುಂಚಿತ ಒಪ್ಪಿಗೆ ಬೇಕು. ತುರ್ತಾಗಿ ದಾಖಲಾದರೆ ಬೇಡ, ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಿದರೆ ಸಾಕು. ಇದು ತುರ್ತು, ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಆದರೆ ಹಳೆಯ ನಿರಾಕರಣೆ ಎದುರಿಗೇ ನಿಂತಿತ್ತು, ತುರ್ತಿನ ಅರ್ಜಿಯೂ ಹೋಗಿ ಅದಕ್ಕೇ ಡಿಕ್ಕಿ ಹೊಡೆಯುತ್ತಿತ್ತು. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕುರಿಯ ಫೋಟೊ ನನ್ನ ಕೈಯಲ್ಲಿರಬೇಕು.

ಹಿಂಡನ್ನು ತಮ್ಮನಿಗೆ ಒಪ್ಪಿಸಿ ಅಣ್ಣ, ವೈನಿ ಆಟೋ ಹತ್ತಿದರು. ಅವರು ಜೂರಾಲ ಅಣೆಕಟ್ಟು ದಾಟಿ ಧರೂರು ಮೇಲೆ ಗದ್ವಾಲಕ್ಕೆ, ನಾನು ತದ್ವಿರುದ್ಧ ದಿಕ್ಕಿನಲ್ಲಿ ನಾರಾಯಣಪೇಟೆಗೆ. ಆ ರಸ್ತೆಯಲ್ಲಿ ಅಷ್ಟು ಜೋರಾಗಿ ನಾನು ಎಂದೂ ಸ್ಕೂಟಿ ಓಡಿಸಿರಲಿಲ್ಲ. ಹೆದರಿಕೆಯ ಜೊತೆಗೇ ಒಂದು ಹುರುಪು ಮೈಯೆಲ್ಲ ತುಂಬಿತ್ತು. ತಪ್ಪು ಮಾಡಿದವಳಿಗೆ ಅದನ್ನು ತಿದ್ದುವ ದಾರಿ ಇಷ್ಟು ಬೇಗ ಸಿಗುವುದು ಅಪರೂಪ, ನನಗೆ ಸಿಕ್ಕಿತ್ತು.

ಪಶುವೈದ್ಯರು ಊಟಕ್ಕೆ ಏಳುವುದರಲ್ಲಿದ್ದರು.

"ಏಂ ಕಾವಾಲಮ್ಮಾ?" ಏನು ಬೇಕು ಎಂದು ತೆಲುಗಿನಲ್ಲಿ ಕೇಳಿದರು.

"ಒಂದು ಕುರಿ ಫೋಟೊ ಬೇಕಾಗಿತ್ತು ಸರ್. ವಿಮಾ ಮಾಡಸಿದ್ದು."

"ಕುರಿ ಸತ್ತೈತೇನು?" ಅವರೂ ಕನ್ನಡಕ್ಕೆ ಹೊರಳಿದರು.

"ಇಲ್ರೀ. ಕುರಿ ಆರಾಮ ಐತಿ. ಮಾಲೀಕಂದು..."

"ಅಯ್ಯಯ್ಯೋ! ಮಾಲೀಕ ಸತ್ತಾನಾ?"

ಕುಳಿತು ಮೊದಲಿನಿಂದ ಹೇಳಿದೆ. ಅವರು ಊಟದ ಡಬ್ಬಿ ಬದಿಗಿಟ್ಟು ಕಂಪ್ಯೂಟರ್ ತೆರೆದರು. ಮೂವತ್ತು ವರ್ಷದ ನೌಕರಿಯಲ್ಲಿ ಕುರಿಯ ಕಡತ ಕೇಳಿಕೊಂಡು ಕಣ್ಣಿನವರು ಬಂದದ್ದು ಇದೇ ಮೊದಲು ಎಂದು ಅವರಿಗೂ ಹುಮ್ಮಸ್ಸು ಬಂದಿತ್ತು. ಅಣ್ಣನ ಹೆಸರಿನಲ್ಲಿ ಇಪ್ಪತ್ತು ಕುರಿ, ಒಂದು ಟಗರು. ಒಂದೊಂದಕ್ಕೂ ಬೇರೆ ಫೋಟೊ, ಒಂದೊಂದರಲ್ಲೂ ಅಣ್ಣ ಬಿಲ್ಲೆ ಕಾಣುವಂತೆ ಕಿವಿ ಹಿಡಿದು ನಿಂತಿದ್ದಾರೆ. ಮೂಲೆಯಲ್ಲಿ ತಾರೀಖು.

ಮೊದಲನೆಯದರಲ್ಲಿ ರುಮಾಲು ಹಣೆಗಿಳಿದು ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಅಣ್ಣ ಕುರಿಯನ್ನೇ ನೋಡುತ್ತಿದ್ದರು. ಮೂರು, ನಾಲ್ಕು, ಐದು, ಎಲ್ಲದರಲ್ಲೂ ಬಿಸಿಲಿಗೆ ಕಣ್ಣು ಕಿವುಚಿಕೊಂಡಿದ್ದರು. ಕುರಿಗಳು ಮಾತ್ರ ಒಂದಕ್ಕಿಂತ ಒಂದು ಸ್ಪಷ್ಟ. ಟಗರಿನ ಫೋಟೊದಲ್ಲಿ ಟಗರು ಒಂದು ಕಡೆ, ಅಣ್ಣ ಇನ್ನೊಂದು ಕಡೆ ಬಿದ್ದಿದ್ದರು.

"ಕುರಿ ವಿಮಾ ಅಲ್ಲೇನಮ್ಮ, ನಾವು ಕುರಿ ಮಖಾನೇ ನೋಡ್ತೀವಿ" ಎಂದು ಪಶುವೈದ್ಯರು ತಪ್ಪಿತಸ್ಥರಂತೆ ಹೇಳಿದರು.

ಹದಿನೇಳನೆಯ ಕುರಿಗೆ ಬಂದೆವು. ಆ ಹೊತ್ತಿಗೆ ಮೋಡ ಬಂದಿತ್ತೇನೋ, ಬಿಸಿಲು ಇರಲಿಲ್ಲ. ಅಣ್ಣ ರುಮಾಲು ಹಿಂದೆ ಸರಿಸಿ, ಬೇಸತ್ತು, ಸೀದಾ ಕ್ಯಾಮರಾ ನೋಡಿದ್ದರು. ದೊಡ್ಡದು ಮಾಡಿ ನೋಡಿದೆ. ರೆಪ್ಪೆ ಕಪ್ಪು ಗುಡ್ಡೆಯ ಮೇಲಂಚನ್ನು ಚೆನ್ನಾಗಿ ಮುಚ್ಚಿತ್ತು. ಮೇಲೆ ಒಂದು ಕೂದಲೆಳೆಯಷ್ಟೂ ಬಿಳಿ ಇಲ್ಲ. ಸಣ್ಣ, ಸಾದಾ, ಅಪ್ಪನಂಥವೇ ಕಣ್ಣುಗಳು.

"ಇದೇ! ಇದೇ ಸರ್!" ಎಂದು ಕೂಗಿದ್ದಕ್ಕೆ ಹೊರಗಿದ್ದ ಎಮ್ಮೆ ಬೆದರಿತು.

ಕಣ್ಣಿನ ಬಗ್ಗೆ ನಾನು ಬರೆಯಲಾರೆ, ಅದು ನನ್ನ ಶಾಸ್ತ್ರವಲ್ಲ ಎಂದು ಪಶುವೈದ್ಯರು ಮೊದಲೇ ಹೇಳಿದರು. ಈ ಫೋಟೊ ಈ ತಾರೀಖಿನಂದು ಈ ಬಿಲ್ಲೆಯ ಕುರಿಯೊಂದಿಗೆ ಇದೇ ಮಾಲೀಕನದು ಎಂದಷ್ಟೇ ಬರೆದು ಸಹಿ ಮಾಡಿ ಮೊಹರು ಒತ್ತಿದರು. ಅಷ್ಟೇ ಸಾಕಾಗಿತ್ತು. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಫೋಟೊವನ್ನು ಬಣ್ಣದಲ್ಲಿ ದೊಡ್ಡದಾಗಿ ಮುದ್ರಿಸಿದೆ. ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಕಂಪನಿಗೆ ಪತ್ರ ಬರೆದೆ. ರೋಗಿ ಹೇಳಿದ್ದು ಒಂದು, ನಾನು ತಿಳಿದದ್ದು ಇನ್ನೊಂದು. ಖಾನದಾನಿ ಎಂಬ ಶಬ್ದ ನಮ್ಮ ಕಡೆ ರೋಗದ ಇತಿಹಾಸವಲ್ಲ, ಮರ್ಯಾದೆ ಕಾಪಾಡಿಕೊಳ್ಳುವ ಮಾತು. ಅದನ್ನು ಇನ್ನೆರಡು ಪ್ರಶ್ನೆ ಕೇಳದೆ ಬರೆದದ್ದು ನನ್ನ ತಪ್ಪು. ಹಳೆಯ ಹಾಳೆಯನ್ನು ತಿದ್ದಿಲ್ಲ, ಹಾಗೆಯೇ ಲಗತ್ತಿಸಿದ್ದೇನೆ ಎಂದು ಸೇರಿಸಿ, ಕೆಳಗೆ ನನ್ನ ಹೆಸರು ಬರೆದು, ಫೋಟೊ, ತುರ್ತು ದಾಖಲಾತಿಯ ಸುದ್ದಿ ಸಮೇತ ಅಲ್ಲಿಂದಲೇ ಸ್ಕ್ಯಾನ್ ಮಾಡಿ ಕಳಿಸಿದೆ. ಕೈಬರಹ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಸಂಜೆ ನಾನು ಗದ್ವಾಲ ತಲುಪುವಷ್ಟರಲ್ಲಿ ಸಕ್ಕರೆ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ ಮುಗಿದು ಮೊದಲ ಡ್ರಿಪ್ ಹನಿಯುತ್ತಿತ್ತು. ಅದನ್ನು ಅವಸರದಲ್ಲಿ ಕೊಡುವಂತಿಲ್ಲ, ಎರಡು ಗಂಟೆ ಬೇಕು. ಫೋಟೊ ತೋರಿಸಿದೆ. ಅಣ್ಣ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ, "ಕುರಿ ಐತಿ, ಹಿಂದ ಇನ್ನಷ್ಟು ಅದಾವ. ಎಲ್ಲಾ ಗುರುತು ಒಂದ ಬಣ್ಣ" ಎಂದರು.

ಮರುದಿನ ಬೆಳಗ್ಗೆ ಕಂಪನಿಯ ವೈದ್ಯಾಧಿಕಾರಿಯೇ ಫೋನ್ ಮಾಡಿದರು. ಹೈದರಾಬಾದಿನವರು, ಉರ್ದು ಮನೆಮಾತಿನವರು. ನಾನು ಎದ್ದು ನಿಂತು ಮಾತಾಡಿದೆ.

"ಈ ಖಾನದಾನಿ ಅನ್ನೋ ಶಬ್ದ ನಿಜವಾಗಿ ರೋಗಿಯೇ ಹೇಳಿದ್ದಾ?"

"ಹೌದು ಸರ್."

ಅವರು ನಕ್ಕರು. "ಅದನ್ನು ಮೊದಲೇ ಹಾಗೆ ಬರೆಯಬಾರದಿತ್ತಾ? ನಮ್ಮಲ್ಲಿ ಬಿರಿಯಾನಿಗೂ ಖಾನದಾನಿ ಅಂತಾರೆ. ಇಂಗ್ಲಿಷಿಗೆ ತಂದು ನೀವು ಅದನ್ನು ರೋಗ ಮಾಡಿಬಿಟ್ಟಿರಿ." ಆಮೇಲೆ ದನಿ ಬದಲಿಸಿ, ಪಾಪೆಯ ಪರೀಕ್ಷೆ, ಬಣ್ಣದ ಪರೀಕ್ಷೆ, ಯಾವ ದಿನ ಯಾವುದು ಎಂದು ಒಂದೊಂದೇ ಕೇಳಿದರು. ಎಲ್ಲಕ್ಕೂ ತಾರೀಖು ಹೇಳಿದೆ. ಮಧ್ಯಾಹ್ನ ಒಪ್ಪಿಗೆ ಬಂತು. ಪತ್ರದ ಆಧಾರಗಳ ಸಾಲಿನಲ್ಲಿ, ಡಾಕ್ಟರಮ್ಮನ ವರದಿಯ ಪಕ್ಕದಲ್ಲೇ, ಕುರಿಯ ಬಿಲ್ಲೆಯ ನಂಬರೂ ಇತ್ತು.

ವೈನಿಗೆ ಓದಿ ಹೇಳಿದೆ. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡರು. "ಆ ಕುರಿನ ಇನ್ನ ಮಾರಂಗಿಲ್ಲ" ಎಂದರು.

ಆದರೆ ಒಪ್ಪಿಗೆಯ ಕಾಗದದಿಂದ ನರ ಸರಿಹೋಗುವುದಿಲ್ಲ. ಎರಡನೆಯ ಡ್ರಿಪ್ ಆಯಿತು. ಔಷಧಿಯ ಬಾಟಲಿಯ ಕೆಂಪು ಮುಚ್ಚಳ ತೋರಿಸಿದರೆ ಅಣ್ಣ ಸುಮ್ಮನೆ ತಲೆಯಾಡಿಸಿದರು, ಏನೂ ಬದಲಾಗಿರಲಿಲ್ಲ. ಡಾಕ್ಟರಮ್ಮ ಸಿಟಿಯ ಆಸ್ಪತ್ರೆಗೆ ಫೋನ್ ಮಾಡಿ ಜಾಗ ಹೇಳಿಟ್ಟರು. ಮೂರನೆಯ ದಿನ ಮುಚ್ಚಳ ತೋರಿಸಿದಾಗ ಅಣ್ಣ ಥಟ್ಟನೆ "ಕೆಂಪು" ಎಂದರು. ಡಾಕ್ಟರಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾವು ಕೆಂಪು ಎನ್ನಲಿ ಎಂದು ಕಾಯುತ್ತಿದ್ದೇವೆ ಎಂದು ಅಣ್ಣನಿಗೆ ಗೊತ್ತಾಗಿಬಿಟ್ಟಿತ್ತು. ಎದುರಿಗಿದ್ದವರ ಮನಸ್ಸು ನೋಯಿಸದ ಮನುಷ್ಯ. ಒಮ್ಮೆ ಅವರ ಮಾತನ್ನು ಹಾಗೆಯೇ ಬರೆದು ಪಾಠ ಕಲಿತಿದ್ದ ನಾನು ಈ ಸಲ ಪೆನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ, ಮೂರೂ ಡ್ರಿಪ್ ಮುಗಿದ ಮೇಲೆ, ಹದಿನೇಳನೆಯ ಕುರಿಯ ಫೋಟೊ ತೆಗೆದುಕೊಂಡು ಹೋದೆ. ಆ ಕುರಿಯ ಹಿಂದೆ ದೊಡ್ಡಿಯ ಗೋಡೆಗೆ ಇನ್ನೂ ಐದು ಕುರಿಗಳು ನಿಂತಿದ್ದವು. ಕೆಲವು ಅಣ್ಣನವು, ಕೆಲವು ತಮ್ಮನವು. ಈ ಲೆಕ್ಕವನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಅಣ್ಣನ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದೆ. ಬಣ್ಣದ ಮಾತೇ ಎತ್ತಲಿಲ್ಲ.

"ಹಿಂದಿನ ಐದರಾಗ ನಿಮ್ಮವು ಎಷ್ಟು, ತಮ್ಮಂದವು ಎಷ್ಟು? ಎಣಿಸಿ ಹೇಳ್ರಿ."

ವೈನಿ ಏನೋ ಹೇಳಲು ಬಾಯಿ ತೆರೆದರು, ಡಾಕ್ಟರಮ್ಮ ಅವರ ಕೈ ಹಿಡಿದರು. ಅಣ್ಣ ಫೋಟೊವನ್ನು ಹತ್ತಿರ ತಂದರು, ದೂರ ಮಾಡಿದರು. ತೋರುಬೆರಳು ಒಂದೊಂದೇ ಕುರಿಯ ಬೆನ್ನ ಮೇಲೆ ನಿಂತು ಮುಂದೆ ಹೋಯಿತು. ನನ್ನ ಅಂಗೈ ಬೆವರಿ ಅವರ ಹುಬ್ಬು ಒದ್ದೆಯಾಗಿತ್ತು.

"ಇದು ನಮ್ದು. ಇದು ತಮ್ಮಂದು. ಇದು ನಮ್ದು, ಇದೂ ನಮ್ದು. ಮೂಲಿದು ತಮ್ಮಂದು." ಬೆರಳು ನಿಂತಿತು. "ಮೂರು ನಮ್ಮವು, ಎರಡು ತಮ್ಮಂದವ್ರೀ."

ನಾನು ಫೋಟೊ ನೋಡಿದೆ. ಮೂರು ಜಾಜು, ಎರಡು ಮಸಿ.

ಎರಡೆರಡು ಕಾಣುವುದು ಇನ್ನೂ ಹೋಗಿರಲಿಲ್ಲ, ವಾರದ ಡ್ರಿಪ್‌ಗಳು ಇನ್ನೂ ಬಾಕಿ ಇದ್ದವು, ನರ ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಾಯುವುದು ಇದ್ದೇ ಇತ್ತು. ಅದೆಲ್ಲ ಡಾಕ್ಟರಮ್ಮ ಆಮೇಲೆ ಹೇಳಿದರು. ಆ ಕ್ಷಣದಲ್ಲಿ ಅವರು ಸಿಟಿಯ ಆಸ್ಪತ್ರೆಗೆ ಫೋನ್ ಮಾಡಿ, ಹಿಡಿದಿಟ್ಟ ಜಾಗ ಬಿಟ್ಟುಕೊಡಿ ಎಂದರು. ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಕಣ್ಣಿಗೂ ಎಲ್ಲ ಎರಡೆರಡಾಗಿ ಕಾಣತೊಡಗಿತ್ತು.

"ಜಾಜಿನ ಬಣ್ಣ ಹೆಂಗೈತಿ ಅಣ್ಣಾರ, ಖರೇ ಹೇಳ್ರಿ" ಎಂದೆ.

ಅಣ್ಣ ಬೆನ್ನು ನೇರ ಮಾಡಿ ಕುಳಿತರು.

"ಖಾನದಾನಿ ಕೆಂಪು ರೀ."

ಕಣ್ಣೊರೆಸಿಕೊಂಡು ಪೆನ್ನು ತೆಗೆದೆ. ಈ ಸಲ ಅದನ್ನು ಯಾವ ಭಾಷೆಗೂ ತಿರುಗಿಸದೆ, ಅವರು ಹೇಳಿದ ಹಾಗೆಯೇ ಬರೆದುಕೊಂಡೆ.